ಶಕ್ತಿ ಮಾತ್ರೆಯ ವಾರ

ಸೋಪಿನ ವಾಸನೆ ಎಂದರೆ ಅವಳಿಗೆ ಅಮ್ಮನ ಅಂಗೈ. ಅಮ್ಮ ಕಂಡವರ ಬಟ್ಟೆ ಒಗೆಯುತ್ತಿದ್ದಳು. ಬೆಳಿಗ್ಗೆ ಗಂಟು ಹೊತ್ತು ತಂದು, ಕಲ್ಲಿನ ಮೇಲೆ ಕುಕ್ಕಿ, ಹಿಂಡಿ, ಬಿಸಿಲಿಗೆ ಹರವಿ, ಸಂಜೆ ಮಡಿಸಿ ಮನೆಮನೆಗೆ ಮುಟ್ಟಿಸುತ್ತಿದ್ದಳು. ಬಟ್ಟೆ ಒಳಮನೆಯ ಪೆಟ್ಟಿಗೆಯವರೆಗೂ ಹೋಗುತ್ತಿತ್ತು. ಒಗೆದವಳು ಹಿಂಬಾಗಿಲ ಮೆಟ್ಟಿಲು ದಾಟುತ್ತಿರಲಿಲ್ಲ. ರಾತ್ರಿ ಮಗಳು ಆ ಬಿರಿದ ಅಂಗೈಯನ್ನು ಮೂಗಿಗೆ ಒತ್ತಿಕೊಂಡು ನಿದ್ದೆ ಹೋಗುತ್ತಿದ್ದಳು. ಸೋಪು, ಬಿಸಿಲು, ಒದ್ದೆ ಕಲ್ಲು, ಮೂರೂ ಸೇರಿದ ವಾಸನೆ.

ಅದಕ್ಕೇ ಸೋಪಿನ ಪುಡಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದಾಗ ಅವಳು ಹಿಗ್ಗಿದಳು. ದಿನವಿಡೀ ಆ ವಾಸನೆಯಲ್ಲಿ ಕೂರುವುದು, ಮೇಲೆ ಸಂಬಳ ಬೇರೆ. ಅಮ್ಮನೂ ಹಿಗ್ಗಿದಳು. ನಿನ್ನ ಕೈಯಾದರೂ ನೀರಿನಲ್ಲಿ ಕೊಳೆಯುವುದಿಲ್ಲ ಎಂದಳು. ಕೈ ಕೊಳೆಯಲಿಲ್ಲ, ನಿಜ. ಮೊದಲು ಮೂಗು ಕಟ್ಟಿತು. ಆಮೇಲೆ ಯಾವ ವಾಸನೆಯೂ ತಿಳಿಯದಾಯಿತು. ಆಮೇಲೆ ಕೆಮ್ಮು. ಆಮೇಲೆ, ಮೆಟ್ಟಿಲು ಹತ್ತುವಾಗ, ಯಾರೋ ಎದೆಗೆ ಒದ್ದೆ ಬಟ್ಟೆ ಸುತ್ತಿ ಹಿಂಡಿದ ಹಾಗೆ.

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಆಳು ಅಷ್ಟು ಸಣ್ಣ. ಅವಳನ್ನು ಆ ಕೆಲಸಕ್ಕೆ ಸೇರಿಸಿದವಳು ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಕಡ್ಡಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ಅಕ್ಕನ ಗಂಡ ಅದೇ ಕಾರ್ಖಾನೆಯಲ್ಲಿ ಲಾರಿಗೆ ಮೂಟೆ ಹೇರುತ್ತಿದ್ದ. ಕಾಂಪೌಂಡಿನ ಒಳಗೇ ಅವರಿಗೊಂದು ಕೋಣೆಯ ಮನೆ ಕೊಟ್ಟಿದ್ದರು. ಕೊಟ್ಟಿದ್ದೇವೆ ಎಂಬುದನ್ನು ವಾರಕ್ಕೊಮ್ಮೆ ನೆನಪಿಸುತ್ತಿದ್ದರು.

ಹೆಂಗಸರು ಪುಡಿ ತುಂಬುವ ಕೋಣೆಗೆ ಕಿಟಕಿ ಇತ್ತು, ಅದಕ್ಕೆ ಮೊಳೆ ಹೊಡೆದಿತ್ತು. ಗಾಳಿ ಬಂದರೆ ಪುಡಿ ಹಾರುತ್ತದೆ, ಹಾರಿದರೆ ನಷ್ಟ. ಮೇಲಿನ ಅಂತಸ್ತಿನಿಂದ ಬಿಳಿ ಪುಡಿ ತೊಟ್ಟಿಗೆ ಸುರಿಯುತ್ತಿತ್ತು. ಅದಕ್ಕೆ ಚೀಲದಿಂದ ನೀಲಿ ಕಾಳು ಬೆರೆಸಿ, ಮೊಣಕೈವರೆಗೆ ಕೈ ಹಾಕಿ ಕಲಸಿ, ಪೊಟ್ಟಣ ತುಂಬಬೇಕು. ಆ ನೀಲಿ ಕಾಳು ಕಲೆ ತಿನ್ನುತ್ತದಂತೆ. ರಕ್ತದ ಕಲೆ, ಹಾಲಿನ ಕಲೆ, ಮೊಟ್ಟೆಯ ಕಲೆ. ಕಲೆ ಬಟ್ಟೆಯ ಮೇಲಿದೆಯೋ ನಮ್ಮ ಪುಪ್ಪುಸದಲ್ಲಿದೆಯೋ ಅದಕ್ಕೇನು ಗೊತ್ತು, ಪಾಪದ ಕಾಳು, ಸಿಕ್ಕಿದ್ದನ್ನು ತಿನ್ನುತ್ತದೆ ಎಂದು ಹೆಂಗಸರು ನಗುತ್ತಿದ್ದರು. ಪೊಟ್ಟಣದ ಮೇಲೆ ಬಿಳಿ ಬಟ್ಟೆಯ ಹೆಂಗಸೊಬ್ಬಳು ಹಲ್ಲು ಬಿಟ್ಟು ನಿಂತಿದ್ದಳು. ಅವಳು ಎಂದೂ ಕೆಮ್ಮಿದವಳಲ್ಲ.

ಮುಖಕ್ಕೆ ಕಟ್ಟಿಕೊಳ್ಳಲು ಒಂದು ಬಟ್ಟೆ ಕೊಟ್ಟಿದ್ದರು. ಅದನ್ನು ಒಗೆಯಲು ಅದೇ ಪುಡಿ ಕೊಟ್ಟಿದ್ದರು. ಸೂರಿನ ಕೆಳಗೆ ದೊಡ್ಡದೊಂದು ತಗಡಿನ ಕೊಳವೆ ಇತ್ತು. ದೂಳು ಎಳೆಯುವ ಕೊಳವೆ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ನೀಲಿ ಬಣ್ಣ, ಮೇಲೊಂದು ಬಾಣದ ಗುರುತು. ಬಾಣ ಗೋಡೆಯತ್ತ ತೋರಿಸುತ್ತಿತ್ತು. ಗೋಡೆಯ ಆಚೆ ಕೊಳವೆ ಇರಲಿಲ್ಲ. ಯಂತ್ರವೂ ಇರಲಿಲ್ಲ. ಅದರ ಬಾಯಲ್ಲಿ ಗುಬ್ಬಿ ಗೂಡು ಕಟ್ಟಲು ಬಂದು, ಕೋಣೆಯನ್ನೊಮ್ಮೆ ನೋಡಿ, ಬೇರೆ ಕಡೆ ಹೋಯಿತು. ಗುಬ್ಬಿಗಿದ್ದ ಅನುಕೂಲ ಹೆಂಗಸರಿಗಿರಲಿಲ್ಲ.

ಅಕ್ಕನ ಎದೆ ಶಿಳ್ಳೆ ಹಾಕುತ್ತಿತ್ತು. ಉಸಿರು ಬಿಟ್ಟಾಗಲೆಲ್ಲ ಸಣ್ಣಗೆ, ಉದ್ದಕ್ಕೆ. ಸೂಪರ್‌ವೈಸರ್ ಅವಳಿಗೆ ಪೀಪಿ ಎಂದು ಹೆಸರಿಟ್ಟಿದ್ದ. ಒಂದು ದಿನ ಅವಳನ್ನು ನಿಲ್ಲಿಸಿ, ಎದೆಯ ಹತ್ತಿರ ಫೋನ್ ಹಿಡಿದು, ಆ ಶಬ್ದವನ್ನು ತುಂಬಿಕೊಂಡ. ಮರುದಿನ ಅವನ ಫೋನ್ ರಿಂಗಾದಾಗ ಅಕ್ಕನ ಉಸಿರು ಕೇಳಿಸಿತು. ಕೋಣೆಯೆಲ್ಲ ನಕ್ಕಿತು. ನಗದಿದ್ದರೆ ಅವನು ಲೆಕ್ಕ ಇಟ್ಟುಕೊಳ್ಳುತ್ತಾನೆ. ಅಕ್ಕನೂ ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಕೊನೆಗೆ ತೊಟ್ಟಿಯ ಅಂಚು ಹಿಡಿದು ಕೂತಳು. ಅಷ್ಟರಲ್ಲಿ ಅವನು ಫೋನಿನಲ್ಲಿ ಯಾರೊಂದಿಗೋ ಸಿನಿಮಾದ ಮಾತಾಡುತ್ತಾ ಹೊರಗೆ ಹೋಗಿದ್ದ.

ವಾರಕ್ಕೊಮ್ಮೆ ಕಂಪನಿಯ ಡಾಕ್ಟರ್ ಬರುತ್ತಿದ್ದ. ಸೀರೆಯ ಮೇಲೆಯೇ ಸ್ಟೆತಸ್ಕೋಪ್ ಇಡುತ್ತಿದ್ದ, ತೋಳು ಪೂರ್ತಿ ಚಾಚಿ. ಅದರ ಕೊಳವೆ ಇನ್ನೂ ಉದ್ದವಿದ್ದಿದ್ದರೆ ಕಾರಿನಲ್ಲೇ ಕೂತು ನೋಡುತ್ತಿದ್ದನೇನೋ. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ನೀಲಿ ಪಂಪು ಕೊಡುತ್ತಿದ್ದ. ಕಾಯಿಲೆ ತಡೆಯಲು ದಿನವೂ ಎಳೆದುಕೊಳ್ಳಬೇಕಾದ ಕಂದು ಪಂಪು ಬೇರೆ ಇದೆ. ಅದನ್ನು ಕೊಡುತ್ತಿರಲಿಲ್ಲ, ಅದರ ಸುದ್ದಿಯನ್ನೂ ಎತ್ತುತ್ತಿರಲಿಲ್ಲ. ನಿನ್ನ ಅಸ್ತಮಾ ಹತೋಟಿಯಲ್ಲಿಲ್ಲ ಎಂದು ಅಕ್ಕನನ್ನು ಗದರುತ್ತಿದ್ದ, ಅವಳೇನೋ ಹಾಲು ಉಕ್ಕಿಸಿದವಳ ಹಾಗೆ. ಮೊಳೆ ಹೊಡೆದ ಕಿಟಕಿ ಅಕ್ಕನ ಹತೋಟಿಯಲ್ಲಿರಲಿಲ್ಲ. ತೊಟ್ಟಿ ಇರಲಿಲ್ಲ. ಕೊಳವೆ ಇರಲಿಲ್ಲ. ಉಸಿರೊಂದು ಮಾತ್ರ ಹತೋಟಿಯಲ್ಲಿರಬೇಕಿತ್ತು.

ವರ್ಷಕ್ಕೆರಡು ಸಲ ಉಸಿರು ಪರೀಕ್ಷೆ. ಅದರ ಹಿಂದಿನ ವಾರ ಮಾತ್ರ ಕಾರ್ಖಾನೆಯಲ್ಲಿ ಬೇರೆಯೇ ಗಾಳಿ ಬೀಸುತ್ತಿತ್ತು. ಬೆಳಿಗ್ಗೆ ಹೆಂಗಸರನ್ನು ಸಾಲಾಗಿ ನಿಲ್ಲಿಸಿ, ಸೂಪರ್‌ವೈಸರ್ ತಾನೇ ಕೈಯಾರೆ ಬಿಳಿ ಮಾತ್ರೆಗಳನ್ನು ಕೊಡುತ್ತಿದ್ದ. ಲೋಟದಲ್ಲಿ ನೀರೂ ಕೊಡುತ್ತಿದ್ದ. ಕಂಪನಿಯ ಖರ್ಚಿನಲ್ಲಿ ಶಕ್ತಿ ಮಾತ್ರೆ ಎನ್ನುತ್ತಿದ್ದ. ನಿಜಕ್ಕೂ ಶಕ್ತಿ ಬರುತ್ತಿತ್ತು. ಎರಡನೆಯ ದಿನಕ್ಕೆ ಎದೆಯ ಬಾಗಿಲು ತೆರೆಯುತ್ತಿತ್ತು. ಹೆಂಗಸರು ಮೆಟ್ಟಿಲು ಹತ್ತುತ್ತಾ ಮಾತಾಡುತ್ತಿದ್ದರು. ರಾತ್ರಿ ನಿದ್ದೆ ಬಾರದೆ ಪಾತ್ರೆ ಬೆಳಗುತ್ತಿದ್ದರು. ಹಸಿವೋ ಹಸಿವು. ಕ್ಯಾಂಟೀನಿನಲ್ಲಿ ಒಮ್ಮೆ ಉಂಡು ಮತ್ತೆ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಆ ವಾರ ಹೆಚ್ಚು ಅಡುಗೆ ಮಾಡು ಎಂದು ಅಡುಗೆಯವನಿಗೆ ಆಫೀಸಿನಿಂದಲೇ ಹೇಳಿಕೆ ಬರುತ್ತಿತ್ತು. ಹಸಿದವರನ್ನು ಕಂಡು ಮನಸ್ಸು ಕರಗಿ ಅಲ್ಲ. ಬಡಿಸುವ ಕಡೆ ಗಲಾಟೆಯಾದರೆ ಊಟದ ಬಿಡುವು ಉದ್ದವಾಗುತ್ತದೆ ಎಂದು.

ಪರೀಕ್ಷೆ ಮುಗಿದ ಮೇಲೆ ಮಾತ್ರೆ ನಿಲ್ಲುತ್ತಿತ್ತು. ಮುಂದಿನ ವಾರ ಎದೆ ಮೊದಲಿಗಿಂತ ಬಿಗಿಯಾಗುತ್ತಿತ್ತು. ಹೆಂಗಸರು ಮೈಯನ್ನೇ ಬೈದುಕೊಳ್ಳುತ್ತಿದ್ದರು, ಶಕ್ತಿಯ ರುಚಿ ಹತ್ತಿದೆ ಇದಕ್ಕೆ ಎಂದು. ಸೂಪರ್‌ವೈಸರ್‌ನನ್ನು ಬೈಯುತ್ತಿರಲಿಲ್ಲ. ಎಷ್ಟಾದರೂ ಮಾತ್ರೆ ಕೊಟ್ಟನಲ್ಲ.

ಆ ಸಲ ಅಕ್ಕನ ಸ್ಥಿತಿ ತೀರಾ ಕೆಟ್ಟಿತ್ತು. ಮಲಗಿದರೆ ಉಸಿರಿಲ್ಲ, ಗೋಡೆಗೆ ಒರಗಿಯೇ ರಾತ್ರಿ ಕಳೆಯುತ್ತಿದ್ದಳು. ಕಡ್ಡಿಗೆ ಒಂದು ಉಪಾಯ ಹೊಳೆಯಿತು. ಒಬ್ಬಳ ಮಾತ್ರೆಗೇ ಇಷ್ಟು ಶಕ್ತಿ ಬಂದರೆ ಇಬ್ಬರದು ಸೇರಿಸಿದರೆ? ತನ್ನ ಪಾಲಿನ ಊಟವನ್ನು ಬಾಣಂತಿಗೆ ದಾಟಿಸಿದ ಹಾಗೆ. ಮಾತ್ರೆಗಳನ್ನು ಬಾಯಿಗೆ ಹಾಕಿಕೊಂಡು, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿ, ನೀರು ಕುಡಿದು, ತಿರುವಿನಾಚೆ ಹೋಗಿ ಉಗಿದು, ಸೆರಗಿನ ತುದಿಗೆ ಕಟ್ಟುತ್ತಿದ್ದಳು. ಮಧ್ಯಾಹ್ನ ಅಕ್ಕನಿಗೆ ಕೊಡುತ್ತಿದ್ದಳು. ನಿನಗೆ ಬೇಡವೇನೇ ಎಂದರೆ, ನನಗೆ ಅದು ವಾಂತಿ ತರಿಸುತ್ತದೆ ಎಂದು ಸುಳ್ಳು ಹೇಳುತ್ತಿದ್ದಳು. ಹೇಗೆ ಅಡಗಿಸುತ್ತಿ ಎಂದು ಬೇರೆ ಹೆಂಗಸರು ಕೇಳಿದಾಗ ಕೆನ್ನೆ ಎಳೆದು ತೋರಿಸಿದಳು. ಎಲ್ಲರೂ ನಕ್ಕರು.

ಆ ವಾರ ಅಡುಗೆಯವನು ಅವಳ ತಟ್ಟೆ ನೋಡಿದ. ಅವನು ಮಾತು ಕಡಿಮೆಯ ಮನುಷ್ಯ. ಸೌಟು ಎತ್ತಿ ಹಿಡಿದು, ಕೋಣೆಯಲ್ಲಿ ಹಸಿವಿಲ್ಲದವಳು ನೀನೊಬ್ಬಳೇ ಕಣಮ್ಮ ಎಂದ. ಹೌದಣ್ಣ ಎಂದು ಅವಳು ತಟ್ಟೆ ತೊಳೆದಿಟ್ಟಳು.

ಪರೀಕ್ಷೆಗೆ ಹೊರಗಿನಿಂದ ಒಬ್ಬ ನರ್ಸ್ ಯಂತ್ರ ತಂದಿದ್ದಳು. ನಡುವಯಸ್ಸಿನವಳು, ಆ ಕಾರ್ಖಾನೆಗೆ ಹೊಸಬಳು. ಪ್ರತಿಯೊಬ್ಬರನ್ನೂ ಕೂರಿಸಿ ನೀರು ಕೊಟ್ಟಳು. ಅಲ್ಲಿ ಯಾರೂ ಅವರನ್ನು ಕೂರಿಸುವ ವಾಡಿಕೆ ಇರಲಿಲ್ಲ. ಕುರ್ಚಿ ಕೊಳೆಯಾಗುತ್ತೆ ಎಂದು ಒಬ್ಬಳು ನಿಂತೇ ಇದ್ದಳು. ನರ್ಸ್ ಅವಳ ಭುಜ ಹಿಡಿದು ಕೂರಿಸಿದಳು. ಯಂತ್ರದ ಪರದೆಯ ಮೇಲೆ ಮಕ್ಕಳಿಗಾಗಿ ಬರೆದ ಒಂದು ಮೋಡವಿತ್ತು. ಒಂದೇ ಸಮನೆ ಊದಿ ಆ ಮೋಡ ಕೆಳಗೆ ಬೀಳದಂತೆ, ಮೇಲೆ ಹಾರದಂತೆ ಹಿಡಿದಿಡಬೇಕು. ಆಮೇಲೆ ಒಂದು ಸಂಖ್ಯೆ ಬರುತ್ತದೆ. ಉಸಿರಿನ ಕೊಳವೆಯ ಒಳಗೆ ಊದಿಕೊಂಡು ಉರಿಯುತ್ತಿದ್ದರೆ ಉಸಿರಿನಲ್ಲಿ ಒಂದು ಬಗೆಯ ಗಾಳಿ ಹೆಚ್ಚಾಗಿ ಬರುತ್ತದೆ, ಅದನ್ನು ಇದು ಅಳೆಯುತ್ತದೆ ಎಂದು ನರ್ಸ್ ಬಿಡಿಸಿ ಹೇಳಿದಳು. ಇಪ್ಪತ್ತೈದರೊಳಗಿದ್ದರೆ ಒಳ್ಳೆಯದು. ಐವತ್ತು ದಾಟಿದರೆ ಒಳಗೆ ಬೆಂಕಿ ಇದೆ ಅಂತ.

ಅಕ್ಕ ಊದಿದಳು. ಹದಿನೆಂಟು. ಇಡೀ ಕೋಣೆಯಲ್ಲಿ ಎಲ್ಲರಿಗಿಂತ ಕಡಿಮೆ. ಡಾಕ್ಟರ್ ಸಂಭ್ರಮಪಟ್ಟ. ನೋಡಿ, ಪೀಪಿಗೆ ಏನೂ ಇಲ್ಲ, ಎಲ್ಲ ಮನಸ್ಸಿನ ಕಾಯಿಲೆ ಎಂದ. ಸೂಪರ್‌ವೈಸರ್ ನಕ್ಕ. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂರುತ್ತಿದ್ದ ಹೆಂಗಸು ಆ ಯಂತ್ರದ ಮುಂದೆ ಕಳ್ಳಿಯ ಹಾಗೆ ತಲೆ ತಗ್ಗಿಸಿ ಎದ್ದಳು.

ಕಡ್ಡಿ ಊದಿದಳು. ಎಪ್ಪತ್ತೆಂಟು.

ಡಾಕ್ಟರ್ ಪರದೆಗೆ ಮುಖ ತಂದ. ಇನ್ನೊಮ್ಮೆ ಊದಿಸಿದ. ಎಪ್ಪತ್ತೊಂಬತ್ತು. ಅವನ ಮುಖ ಕೆಂಪಾಯಿತು.

"ಮಾತ್ರೆ ನುಂಗ್ಲಿಲ್ವಾ ನೀನು?"

"ಯಾವ ಮಾತ್ರೆ ಸಾರ್?"

"ಈ ವಾರ ಕೊಟ್ಟಿದ್ದು. ನುಂಗಿದ್ರೆ ಇಷ್ಟು ಬರ್ತಾನೇ ಇರ್ಲಿಲ್ಲ."

"ಅದು ಶಕ್ತಿಗೆ ಅಂದ್ರಲ್ಲ ಸಾರ್."

ಡಾಕ್ಟರ್ ಬಾಯಿ ಮುಚ್ಚಿದ. ತಾನು ಆಡಿದ ಮಾತು ತನ್ನ ಕಿವಿಗೇ ಬಿದ್ದದ್ದು ಅವನಿಗೆ ಅದೇ ಮೊದಲಿರಬೇಕು. ನರ್ಸ್ ತಲೆ ಎತ್ತದೆ, ಮೆಲ್ಲಗೆ, ಶಕ್ತಿ ಮಾತ್ರೆಗೆ ಈ ಸಂಖ್ಯೆ ಇಳಿಯೋದಿಲ್ಲ ಡಾಕ್ಟ್ರೇ ಎಂದಳು. ವಿಟಮಿನ್, ಬರೀ ವಿಟಮಿನ್ ಎಂದು ಅವನು ಕೈ ಒರೆಸಿಕೊಂಡ. ಮುಟ್ಟದೇ ಇದ್ದ ಕೈಯನ್ನು ಯಾಕೆ ಒರೆಸಿಕೊಂಡನೋ.

ಕೈ ತೊಳೆಯುವ ನಲ್ಲಿಯ ಹತ್ತಿರ ನರ್ಸ್ ಕಡ್ಡಿಯನ್ನು ಒಂಟಿಯಾಗಿ ಹಿಡಿದಳು. ಸೆರಗಿನ ಗಂಟಿನಲ್ಲಿ ಅಂದಿನ ಮಾತ್ರೆಗಳಿದ್ದವು. ನರ್ಸ್ ಒಂದನ್ನು ನಾಲಿಗೆಯ ತುದಿಗೆ ಮುಟ್ಟಿಸಿ, ಕಹಿಗೆ ಮುಖ ಕಿವುಚಿ, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಕೆಟ್ಟ ಮಾತ್ರೆ ಅಲ್ಲಮ್ಮ. ಒಳಗಿನ ಊತ ಇಳಿಸುತ್ತೆ, ಹಸಿವು ಕೆರಳಿಸುತ್ತೆ. ಉಸಿರು ಕಟ್ಟಿದಾಗ ಜೀವ ಉಳಿಸೋದೇ ಇದು. ಆದ್ರೆ ನಿಮಗೆ ಕೊಟ್ಟಿದ್ದು ಜೀವ ಉಳಿಸೋಕಲ್ಲ. ನನ್ನ ಯಂತ್ರದ ಕಣ್ಣಿಗೆ ಮಣ್ಣೆರಚೋಕೆ."

ಆಮೇಲೆ ಷರತ್ತಿನ ವಿಷಯ ಹೇಳಿದಳು. ಈ ಪುಡಿಯನ್ನು ಸಗಟಾಗಿ ಕೊಳ್ಳುವವರದ್ದು ಒಂದು ಕರಾರು ಇದೆ. ಕೋಣೆಯಲ್ಲಿ ಒಬ್ಬರದಾದರೂ ಐವತ್ತು ದಾಟಿದರೆ ಹದಿನೈದು ದಿನದೊಳಗೆ ಆ ಕೋಣೆಯಲ್ಲಿ ದುಡಿಯುವವರನ್ನೆಲ್ಲ ಮತ್ತೆ ಊದಿಸಬೇಕು. ಆಗಲೂ ದಾಟಿದರೆ ದೂಳು ಎಳೆಯುವ ನಿಜವಾದ ಯಂತ್ರ ಹಾಕುವವರೆಗೆ ಕೋಣೆ ಮುಚ್ಚಬೇಕು. ಮುಚ್ಚಿದಷ್ಟು ದಿನ ಸಂಬಳ ಕೊಡಬೇಕು, ಔಷಧಿಯೂ ಕೊಡಬೇಕು. ಇದನ್ನು ನಿಮಗೆ ಯಾರೂ ಹೇಳಿಲ್ಲವೇ ಎಂದಳು.

"ನಮಗೆ ಶಕ್ತಿ ಬರುತ್ತೆ ಅಂತ ಹೇಳಿದ್ರು ಸಿಸ್ಟರ್."

ನರ್ಸ್ ತನ್ನ ಚೀಲ ತಡಕಾಡಿ ಒಂದು ನೀಲಿ ಪಂಪು ತೆಗೆದು ಅವಳ ಕೈಗಿಟ್ಟಳು. ಇನ್ನೇನೂ ನನ್ನ ಕೈಯಲ್ಲಿಲ್ಲ, ಬಂದ ಸಂಖ್ಯೆ ಬಂದ ಹಾಗೆ ಬರೆಯುತ್ತೇನೆ, ಅಷ್ಟೇ ಎಂದಳು. ಅಷ್ಟೇ ಮಾಡುವವರು ಎಷ್ಟು ಜನ ಇದ್ದಾರೆ?

ಊಟದ ಹೊತ್ತಿಗೆ ಕಡ್ಡಿ ಎಲ್ಲವನ್ನೂ ಹೆಂಗಸರ ಮುಂದಿಟ್ಟಳು. ಯಾರೂ ಎದ್ದು ಕುಣಿಯಲಿಲ್ಲ. ಬಾಗಿಲ ಹತ್ತಿರ ಕೂರುವವಳು ಕೋಪಿಸಿಕೊಂಡಳು. ಯಾಕಾದರೂ ಕೊಡಲಿ, ವರ್ಷಕ್ಕೆ ಎರಡು ವಾರ ನಾನು ಮನುಷ್ಯಳ ಹಾಗೆ ಉಸಿರಾಡುತ್ತೇನೆ, ಅದಕ್ಕೂ ಕಲ್ಲು ಹಾಕಬೇಡ ಎಂದಳು. ಕೋಣೆ ಮುಚ್ಚಿದರೆ ಸಂಬಳ ಕೊಡುತ್ತಾರಂತೆ, ಹೌದಾ, ಕೊಳವೆ ಹಾಕಿದ ಹಾಗೆ ಕೊಡುತ್ತಾರೆ ಎಂದು ಇನ್ನೊಬ್ಬಳು ಸೂರು ತೋರಿಸಿದಳು. ಅಕ್ಕ ತಟ್ಟೆ ಪಕ್ಕಕ್ಕಿಟ್ಟಳು.

"ಆ ಒಂದು ವಾರ ನಾನು ಮೆಟ್ಟಿಲು ಹತ್ತಿ ಮಗಳ ಮನೆಗೆ ಹೋಗ್ತೀನಿ ಕಣೆ. ಮೊಮ್ಮಗೂನ ಎತ್ಕೋತೀನಿ."



ಮ್ಯಾನೇಜರ್ ಅವಳನ್ನು ತನ್ನ ಕೋಣೆಗೆ ಕರೆಸಿದ. ಅಲ್ಲಿ ತಣ್ಣನೆ ಗಾಳಿ ಬರುವ ಯಂತ್ರವಿತ್ತು, ಗಾಳಿಯನ್ನು ಶುದ್ಧ ಮಾಡುವ ಬಿಳಿ ಡಬ್ಬಿಯೊಂದು ಬೇರೆ ಗುಯ್ಗುಡುತ್ತಿತ್ತು. ದೂಳಿನ ಕೋಣೆಗೆ ಇಲ್ಲದ್ದು ದೂಳಿಲ್ಲದ ಕೋಣೆಗೆ ಎರಡೆರಡು. ಅವನು ಮಗಳನ್ನು ಮಾತಾಡಿಸಿದ ಹಾಗೆ ಮಾತಾಡಿಸಿದ. ಮುಂದಿನ ವಾರ ಮಾತ್ರೆ ಸರಿಯಾಗಿ ತಗೋ, ಚೆನ್ನಾಗಿ ಊದು, ಆಮೇಲೆ ನಿನ್ನನ್ನು ಇಲ್ಲೇ ಮುಂದಿನ ಆಫೀಸಿಗೆ ಹಾಕಿಕೊಳ್ಳುತ್ತೇನೆ, ಕೂತು ಚೀಟಿ ಅಂಟಿಸುವ ಕೆಲಸ ಎಂದ. ಅಕ್ಕನನ್ನೂ ಹಾಕಿಕೊಳ್ಳುತ್ತೀರಾ ಎಂದು ಅವಳು ಕೇಳಿದಳು. ಅವಳಿಗೆ ಏನೂ ಇಲ್ಲವಲ್ಲ, ಹದಿನೆಂಟು ಎಂದ. ಅವಳು ಒಪ್ಪದ್ದು ನೋಡಿ ಮಗಳ ಲೆಕ್ಕ ಬಿಟ್ಟು ಬೇರೆ ಲೆಕ್ಕ ತೆಗೆದ.

"ನಿಂದು ವಂಶದ ಕಾಯಿಲೆ. ನಿಮ್ಮಮ್ಮ ಏನು ಮಾಡ್ತಿದ್ಲು?"

"ಬಟ್ಟೆ ಒಗೀತಿದ್ಲು."

"ನೋಡು ಮತ್ತೆ. ಸೋಪು ನಿಮ್ಮ ರಕ್ತದಲ್ಲೇ ಇದೆ. ಕಂಪನಿ ಏನು ಮಾಡುತ್ತೆ?"

"ನಮ್ಮಮ್ಮ ಕೆಮ್ಮಿದ್ದನ್ನ ನಾನು ಒಂದಿನ ಕೇಳಿಲ್ಲ ಸಾರ್."

ಅವನು ಫೋನ್ ಎತ್ತಿಕೊಂಡ. ಅದು ರಿಂಗಾಗಿರಲಿಲ್ಲ.

ಮುಂದಿನ ವಾರ ಮತ್ತೆ ಸಾಲು ನಿಲ್ಲಿಸಿದರು. ಕಡ್ಡಿಯನ್ನು ಮೊದಲು ನಿಲ್ಲಿಸಿದರು. ಸೂಪರ್‌ವೈಸರ್ ಮಾತ್ರೆಯನ್ನು ಅವಳ ಕೈಗೆ ಕೊಡಲಿಲ್ಲ, ತಾನೇ ಎರಡು ಬೆರಳಲ್ಲಿ ಹಿಡಿದ. ಬಾಯಿ ತೆಗಿ ಎಂದ. ಅವಳು ಬಾಯಿ ಮುಚ್ಚಿದಳು.

ಅಷ್ಟೇ. ಮಾತಿಲ್ಲ. ಕೂಗಿಲ್ಲ. ಬಾಯಿ ಮುಚ್ಚಿದಳು.

ಅವನು ಮತ್ತೆ ಹೇಳಿದ. ಆಮೇಲೆ ಅವಳ ಮೂಗು ಹಿಡಿದ. ಕರುವಿಗೆ ಔಷಧಿ ಕುಡಿಸುವಾಗ ಹಿಡಿಯುತ್ತಾರಲ್ಲ, ಹಾಗೆ. ಉಸಿರು ಬೇಕಾದರೆ ಬಾಯಿ ತೆರೆಯಲೇಬೇಕು. ಒಂದು ಮಹಡಿ ಹತ್ತಿದರೆ ಏದುಸಿರು ಬಿಡುವ ಹೆಂಗಸು. ಅವಳ ಕತ್ತಿನ ನರ ಉಬ್ಬಿತು. ಕಣ್ಣಲ್ಲಿ ನೀರು ಬಂತು, ಮೂಗಲ್ಲೂ ಬಂತು. ತುಟಿ ಬಿಡಲಿಲ್ಲ. ಮೂಗಿನ ನೀರು ಅವನ ಬೆರಳಿಗೆ ಇಳಿಯಿತು. ಅವನು ಥೂ ಎಂದು ಕೈ ಎಳೆದುಕೊಂಡು ಪ್ಯಾಂಟಿಗೆ ಒರೆಸಿದ. ಅವರ ಎದೆಯ ಶಬ್ದವನ್ನು ಫೋನಿನಲ್ಲಿಟ್ಟು ತಿರುಗಾಡುವ ಮನುಷ್ಯನಿಗೆ ಅವರ ಒಂದು ಹನಿ ನೀರು ಅಸಹ್ಯವಾಯಿತು.

ಅವಳು ಉಸಿರು ಎಳೆದುಕೊಂಡಳು. ಎಳೆದುಕೊಳ್ಳಲು ಹೊತ್ತು ಹಿಡಿಯಿತು. ಕೆಲಸಕ್ಕೆ ಸೇರಿದಂದಿನಿಂದ ಸಾರ್ ಎಂದವಳು ಈಗ ಏಕವಚನಕ್ಕಿಳಿದಳು.

"ನಿನ್ನ ಫೋನಲ್ಲಿದೆಯಲ್ಲ ನಮ್ಮಕ್ಕನ ಉಸಿರು. ಅದನ್ನ ಆ ಮಿಷನ್‌ಗೆ ಕೇಳಿಸು. ನಂಬರ್ ಸರಿಯಾಗಿ ಬರುತ್ತೆ."

ಯಾರೂ ನಗಲಿಲ್ಲ. ಈ ಸಲ ನಗದಿದ್ದವರ ಲೆಕ್ಕ ಇಡಲು ಅವನಿಗೆ ಆಗಲಿಲ್ಲ, ಎಲ್ಲರೂ ನಗದವರೇ ಆಗಿದ್ದರು.

ಅವಳನ್ನು ತೋಳು ಹಿಡಿದು ಗೇಟಿನ ಹೊರಗೆ ಬಿಟ್ಟರು. ವಿಚಾರಣೆ ಮುಗಿಯುವವರೆಗೆ ಒಳಗೆ ಬರಕೂಡದು. ಅವಳೊಂದಿಗೆ ಮಾತಾಡಿದವರು ಅವಳ ಪಕ್ಕದಲ್ಲೇ ಕೂರಬೇಕು, ಮನೆ ಕೊಟ್ಟಿದ್ದರೆ ಮನೆಯನ್ನೂ ಬಿಡಬೇಕು. ಎಳೆದೊಯ್ಯುವಾಗ ಅವಳು ಕೋಣೆಯ ಗಾಜಿನ ಬಾಗಿಲಿನಿಂದ ಹಿಂತಿರುಗಿ ನೋಡಿದ್ದಳು. ಸಾಲಿನಲ್ಲಿ ಎರಡನೆಯವಳು ಅಕ್ಕ. ಅಕ್ಕ ಬಾಯಿ ತೆರೆದಳು. ಮಾತ್ರೆ ಒಳಗೆ ಹೋಯಿತು, ನೀರು ಕುಡಿದಳು. ಅವಳ ಹಿಂದೆ ಬಾಗಿಲ ಹತ್ತಿರ ಕೂರುವವಳು. ಅವಳೂ ತೆರೆದಳು. ಒಬ್ಬೊಬ್ಬರಾಗಿ ಎಲ್ಲರೂ.

ಲೆಕ್ಕ ಈಗ ಸರಳವಾಗಿತ್ತು. ಎಲ್ಲರೂ ನುಂಗಿದರೆ ಎಲ್ಲರ ಸಂಖ್ಯೆಯೂ ಇಳಿಯುತ್ತದೆ. ಕೋಣೆ ಚೊಕ್ಕಟ ಎಂದಾಗುತ್ತದೆ. ಹೊರಗೆ ಕೂತವಳೊಬ್ಬಳದ್ದು ವಂಶದ ಕಾಯಿಲೆ. ಅಕ್ಕ ಹದಿನೆಂಟರ ಪ್ರಮಾಣಪತ್ರ ಹಿಡಿದು ಆ ತೊಟ್ಟಿಯ ಪಕ್ಕದಲ್ಲೇ ಉಸಿರು ಕಟ್ಟಿ ಸಾಯುತ್ತಾಳೆ.

ಆದರೂ ಅಕ್ಕನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಮೆಟ್ಟಿಲು ಹತ್ತಲಿ. ಮಗುವನ್ನು ಎತ್ತಿಕೊಳ್ಳಲಿ. ಒಂದು ವಾರವಾದರೂ ಮಲಗಿ ನಿದ್ದೆ ಮಾಡಲಿ.

ಕೆಲಸಕ್ಕೆ ಬರಲಿಲ್ಲ ಎಂಬ ನೆಪ ಅವರಿಗೆ ಸಿಗಬಾರದೆಂದು ದಿನವೂ ಬೆಳಿಗ್ಗೆ ಬಂದು ಗೇಟಿನ ಹೊರಗಿನ ಕಟ್ಟೆಯ ಮೇಲೆ ಕೂತಳು. ಲಾರಿಗಳು ಹೋಗಿ ಬಂದು ಮಾಡಿದವು. ಲಾರಿಯ ಮೈಮೇಲೂ ಹಲ್ಲು ಬಿಟ್ಟ ಬಿಳಿ ಬಟ್ಟೆಯ ಹೆಂಗಸು. ಗೇಟಿನ ಕಾವಲುಗಾರ ಅವಳ ಕಡೆ ನೋಡುತ್ತಿರಲಿಲ್ಲ, ನೋಡಬಾರದೆಂದು ಹೇಳಿದ್ದರು. ಬಿಸಿಲು ಏರಿದಾಗ ನೋಡದೆಯೇ ತನ್ನ ಕೊಡೆಯನ್ನು ಬಿಚ್ಚಿ ಕಟ್ಟೆಯ ಕಡೆ ಬಾಗಿಸಿ ಗೇಟಿನ ಸರಳಿಗೆ ಸಿಕ್ಕಿಸುತ್ತಿದ್ದ. ಸಂಜೆ ತಾನೇ ಬಂದು ಮಡಿಸುತ್ತಿದ್ದ. ಎರಡನೆಯ ದಿನ ಅಡುಗೆಯವನು ತರಕಾರಿ ತರಲು ಹೊರಬಂದಾಗ ಅವಳು ನರ್ಸ್ ಕೊಟ್ಟ ನೀಲಿ ಪಂಪನ್ನು ಅವನ ಚೀಲದೊಳಕ್ಕೆ ಬಿಟ್ಟಳು. ಅಕ್ಕನಿಗೆ ಎಂದಳು. ವಾರ ಕಳೆದ ಮೇಲೆ ಬೇಕಾಗುತ್ತದೆ, ಮಾತ್ರೆ ನಿಂತ ಮೇಲೆ ಅವಳ ಎದೆ ಬಿಗಿಯುತ್ತದೆ. ಅವನು ಕೇಳಿಸದವನ ಹಾಗೆ ಹೋದ.

ಒಳಗಿನಿಂದ ಕೆಮ್ಮು ಕೇಳಿಸುತ್ತಿತ್ತು. ಗೋಡೆಯ ಆಚೆ ಯಾವಾಗಲೂ ಕೆಮ್ಮು ಇದ್ದದ್ದೇ. ಅವಳು ಅದರತ್ತ ಗಮನ ಕೊಡಲಿಲ್ಲ.

ವಾರದ ಕೊನೆಯ ದಿನ ನರ್ಸ್ ಇದ್ದ ವ್ಯಾನು ಬಂತು. ಕಿಟಕಿಯಿಂದ ನರ್ಸ್ ಅವಳನ್ನು ನೋಡಿ ಕೈ ಎತ್ತಿದಳು. ಗೇಟು ತೆರೆಯಿತು, ಮುಚ್ಚಿತು. ಮಧ್ಯಾಹ್ನದ ಊಟ ಆದ ಮೇಲೆ ಊದಿಸುತ್ತಾರೆ. ಅವಳಿಗೆ ಇನ್ನು ಕಾಯುವುದೇನೂ ಇಲ್ಲ ಅನ್ನಿಸಿತು. ಆದರೂ ಏಳಲಿಲ್ಲ. ಒಂದು ವಾರ ಪುಡಿಯಿಂದ ದೂರ ಕೂತು ಕಟ್ಟಿದ ಮೂಗು ಒಂದಿಷ್ಟು ಬಿಟ್ಟಿತ್ತು. ಲಾರಿಯ ಹೊಗೆ ಹೊಗೆಯೆಂದು ತಿಳಿಯುತ್ತಿತ್ತು. ಕಾವಲುಗಾರನ ಬೀಡಿ ತಿಳಿಯುತ್ತಿತ್ತು.

ಊಟದ ಗಂಟೆ ಬಾರಿಸಿ ಬಹಳ ಹೊತ್ತಾದ ಮೇಲೆ ಗೇಟಿನ ಪಕ್ಕದ ಸಣ್ಣ ಬಾಗಿಲು ತೆರೆಯಿತು. ಅಡುಗೆಯವನು ಬಂದ. ಏಪ್ರನ್ ಬಿಚ್ಚಿರಲಿಲ್ಲ. ಕಾವಲುಗಾರ ಇನ್ನೊಂದು ದಿಕ್ಕಿಗೆ ತಿರುಗಿ ನಿಂತ. ಅಡುಗೆಯವನ ಕೈಯಲ್ಲಿ ಕ್ಯಾಂಟೀನಿನ ದೊಡ್ಡ ಡಬ್ಬಿ ಇತ್ತು. ಅವನು ರಸ್ತೆ ನೋಡುತ್ತಾ ಮಾತಾಡಿದ.

"ಈ ವಾರ ಜಾಸ್ತಿ ಮಾಡು ಅಂದಿದ್ರು. ಮಾಡ್ದೆ. ದಿನಾ ಮಿಕ್ತಾ ಇದೆ."

ಅವಳಿಗೆ ಅರ್ಥವಾಗಲಿಲ್ಲ. ಅವನ ಮುಖ ನೋಡಿದಳು.

"ಯಾರೂ ಎರಡನೇ ಸಲ ಬಡಿಸ್ಕೊಳ್ಳಲಿಲ್ಲ ಕಣಮ್ಮ. ಸೋಮವಾರದಿಂದ ಒಬ್ಬರೂ ಇಲ್ಲ. ಬಾಗಿಲ ಹತ್ರ ಕೂರ್ತಾಳಲ್ಲ, ಅವಳೂ ಇಲ್ಲ."

"ಅಕ್ಕ?"

"ಆಯಮ್ಮಂಗೆ ಮೊದಲನೇ ಸಲದ್ದೇ ಹೋಗ್ತಿಲ್ಲ. ನೀಲಿ ಪಂಪು ಕೈಯಲ್ಲಿ ಹಿಡ್ಕೊಂಡೇ ಕೂತವ್ಳೆ. ಪೀಪಿ ನಮ್ಮ ಒಲೆ ತನಕ ಕೇಳಿಸ್ತಾ ಇದೆ. ಈಗ ಊದೋ ಸಾಲಲ್ಲಿ ನಾನೇ ಮೊದಲು ಅಂತ ಎಲ್ಲರಿಗಿಂತ ಮುಂದೆ ಹೋಗಿ ನಿಂತ್ಕೊಂಡ್ಲು."

ಗೋಡೆಯ ಆಚೆ ಮತ್ತೆ ಕೆಮ್ಮು ಕೇಳಿಸಿತು. ಒಬ್ಬಳದ್ದಲ್ಲ. ಒಂದರ ಹಿಂದೆ ಒಂದು, ಆಮೇಲೆ ಎರಡು ಮೂರು ಒಟ್ಟಿಗೆ. ಈ ವಾರ ಕೇಳಿಸಬಾರದಾಗಿದ್ದ ಕೆಮ್ಮು. ಅವಳು ಈ ಸಲ ಕಿವಿಗೊಟ್ಟು ಕೇಳಿದಳು. ಬೆರಳು ತಾನಾಗಿ ತನ್ನ ಕೆನ್ನೆಗೆ ಹೋಯಿತು, ವಸಡಿನ ಮೇಲಿನ ಆ ಜಾಗಕ್ಕೆ.

ಅಡುಗೆಯವನು ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಒತ್ತಿ ನೋಡಿದ. ಮುಚ್ಚಳದ ಸಂದಿನಿಂದ ಬಿಸಿ ಊಟದ ವಾಸನೆ ಬಂತು, ಸಣ್ಣಗೆ, ದೂರದಿಂದ ಬಂದ ಹಾಗೆ. ಅವನು ಡಬ್ಬಿಯನ್ನು ಅವಳ ಕಡೆ ನೀಡಿದ. ಭಾರವಾಗಿತ್ತು. ಅವಳು ಎರಡೂ ಕೈ ಚಾಚಿ ಇಸಿದುಕೊಂಡಳು.